ಸಹಕಾರ ಕಲಮಿನ ಸ್ವರೂಪವಿಚಾರ

ವಿಷಯಪ್ರವೇಶ

ಮನೆ, ಹೊಲ, ಬಾವಿ, ಬಣವೆ ಮೊದಲಾದ ಸಮಸ್ತ ಆಸ್ತಿಗಳನ್ನು ಕುರಿತು ಮನುಷ್ಯರು ಬರೆಯಿಸಿಕೊಳ್ಳುವ ಕರಾರುಪತ್ರಗಳಲ್ಲಿ, ಚತುಃಸೀಮೆಯ ವರ್ಣನೆ ಮುಗಿದು ಸಾಕ್ಷಿದಾರರ ಸಹಿ ಇನ್ನೂ ಆರಂಭವಾಗದ ಅಲ್ಪಾವಕಾಶದಲ್ಲಿ, “ಉಭಯತ್ರರೂ ಪರಸ್ಪರ ಸಹಕಾರದಿಂದ ನಡೆದುಕೊಳ್ಳತಕ್ಕದ್ದು” ಎಂಬ ವಾಕ್ಯವೊಂದು ವಿರಾಜಿಸುವುದನ್ನು ವಿದ್ವಾಂಸರು ಗಮನಿಸಿರಬಹುದು. ಸಹಿ ಹಾಕಿದವರು ಗಮನಿಸಿದ ನಿದರ್ಶನ ಮಾತ್ರ ದೊರೆಯುವುದಿಲ್ಲ. ಈ ವಾಕ್ಯದ ಅರ್ಥನಿರ್ಣಯಕ್ಕೆ ತೊರವಿಯನ್ನು ಕ್ಷೇತ್ರವಾಗಿ ಆರಿಸಿಕೊಂಡುದಕ್ಕೆ ಮೂರು ಕಾರಣಗಳುಂಟು. ವಿಜಾಪುರಕ್ಕೆ ಪಶ್ಚಿಮದಲ್ಲಿರುವ ಈ ಊರಿನಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ, ಆದುದರಿಂದ ಪಾಂಡಿತ್ಯಕ್ಕೆ ಹವೆ ಅನುಕೂಲ. ಆದಿಲಶಾಹಿಗಳ ಕಾಲದಲ್ಲಿ ಇಲ್ಲಿಯ ಸುರಂಗ ಬಾವಡಿಯಿಂದ ನೆಲದೊಳಗೇ ರಾಜಧಾನಿಗೆ ನೀರು ಹರಿಯುತ್ತಿತ್ತು, ಆದುದರಿಂದ ಗೂಢವಾದುದನ್ನು ಬಹುದೂರ ಸಾಗಿಸುವ ಪರಂಪರೆಯೂ ಉಂಟು. ಮೇಲಾಗಿ ಇಲ್ಲಿಯ ನರಸಿಂಹನ ಭಕ್ತನಾದ ಕುಮಾರವಾಲ್ಮೀಕಿಯು ರಾಮಾಯಣವನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದನು, ಮತ್ತು ರಾಮಕಥೆಯು, ಮುಂದೆ ಸಾಧಿಸಲಿರುವಂತೆ, ಕರಾರುಶಾಸ್ತ್ರದ ಆಕರಗ್ರಂಥವು.

ಐತಿಹ್ಯಪ್ರಕರಣ

ಋಷ್ಯಮೂಕದಲ್ಲಿ ರಾಮಸುಗ್ರೀವರು ಅಗ್ನಿಸಾಕ್ಷಿಯಾಗಿ ಮಾಡಿಕೊಂಡ ಒಪ್ಪಂದದಲ್ಲಿ ವಾಲಿಯ ವಧೆ ಒಂದನೆಯ ಪಕ್ಷದ ಹೊಣೆಯೂ ಸೀತೆಯ ಅನ್ವೇಷಣೆ ಎರಡನೆಯ ಪಕ್ಷದ ಹೊಣೆಯೂ ಆಗಿದ್ದುವು; ಮುದ್ರಾಶುಲ್ಕ ತೆತ್ತುದಾಗಲಿ ಸಹಕಾರದ ಕಲಮು ಬರೆಯಿಸಿದುದಾಗಲಿ ಕಂಡುಬರುವುದಿಲ್ಲ. ಆದರೆ ವಾಲಿಸುಗ್ರೀವರು ಕಾದುವಾಗ ಆ ಅಣ್ಣತಮ್ಮಂದಿರ ರೂಪ ಒಂದೇ ಆಗಿದ್ದುದರಿಂದ ಬಾಣವನ್ನು ಯಾರ ಮೇಲೆ ಬಿಡಬೇಕೆಂಬುದು ರಾಮನಿಗೆ ತಿಳಿಯದೆ, ಸುಗ್ರೀವನು ಪೆಟ್ಟು ತಿಂದು ಓಡಿಬಂದನು. ಬಂದವನು, ತನ್ನ ಗುರುತನ್ನು ತಾನು ಕೊಟ್ಟಿರಲಿಲ್ಲವೆಂಬುದನ್ನು ಮರೆತು, ರಾಮನೇ ಮಾತಿಗೆ ತಪ್ಪಿದನೆಂದು ದೂರಿದನು. ಎರಡನೆಯ ಸಾರಿ ಅವನ ಕೊರಳಿಗೆ ಹೂಮಾಲೆ ಬಿದ್ದ ಮೇಲಷ್ಟೇ ಕರಾರು ನೆರವೇರಿತು. ಕೆಲಸ ಮಾಡಿಸಿಕೊಳ್ಳುವವನೂ ಆ ಕೆಲಸಕ್ಕಾಗಿ ತನ್ನ ಪಾಲಿನ ಒಂದು ಚಿಕ್ಕ ಕೆಲಸವನ್ನು ಮಾಡತಕ್ಕದ್ದೆಂಬ ಈ ತತ್ತ್ವವನ್ನು ಇನ್ನು ಮುಂದೆ ಮಾಲಾಧಾರಣನ್ಯಾಯವೆಂದು ಕರೆಯುವೆವು. ಮಳೆಗಾಲ ಕಳೆದರೂ ಸುಗ್ರೀವನು ಅಂತಃಪುರ ಬಿಟ್ಟು ಹೊರಡದಿದ್ದುದು, ಲಕ್ಷ್ಮಣನು ಧನುಷ್ಟಂಕಾರದ ಮೂಲಕ ನೋಟೀಸು ಜಾರಿ ಮಾಡಿದುದು, ಪ್ರತಿವಾದಿಯ ಪರವಾಗಿ ತಾರೆ ಹಾಜರಾದುದು, ಇವೆಲ್ಲ ಬೇರೊಂದು ಪ್ರಬಂಧಕ್ಕೆ ವಸ್ತು.

ಶಾಸ್ತ್ರಪ್ರಕರಣ

ಇದೇ ನ್ಯಾಯವನ್ನು, ಹೂವನ್ನು ಮಾತ್ರ ಕಿತ್ತುಹಾಕಿ, 1872ರ ಭಾರತೀಯ ಕರಾರು ಅಧಿನಿಯಮದ 67ನೆಯ ಕಲಮು ಅಂಗೀಕರಿಸಿದೆ. ಕೆಲಸ ಮಾಡಿಸಿಕೊಳ್ಳುವವನು ಮಾಡುವವನಿಗೆ ಯುಕ್ತವಾದ ಅನುಕೂಲವನ್ನು ಒದಗಿಸದೆ ಹೋದರೆ, ಆ ಕಾರಣದಿಂದ ನಿಂತ ಕೆಲಸಕ್ಕೆ ಮಾಡುವವನು ಹೊಣೆಯಲ್ಲ. ಶಾಸನಕರ್ತರು ಅಲ್ಲಿಯೇ ಕೊಟ್ಟಿರುವ ದೃಷ್ಟಾಂತ ಮನೆಯ ದುರಸ್ತಿಯದು: ಎಲ್ಲೆಲ್ಲಿ ದುರಸ್ತಿ ಬೇಕೆಂದು ಯಜಮಾನನು ತೋರಿಸದಿದ್ದರೆ ದುರಸ್ತಿಗೆ ಒಪ್ಪಿದವನು ಮುಕ್ತನು. ಆ ಮಹನೀಯರು ತೊರವಿಯ ಮೇಲ್ಮುದ್ದೆಯ ಮನೆಯೊಂದರಲ್ಲಿ ಒಂದು ಮಳೆಗಾಲವನ್ನಾದರೂ ಕಳೆದಿರಲೇಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ. ಗೌಂಡಿಯು ನಿಚ್ಚಣಿಕೆ ಹತ್ತುವ ಮೊದಲು “ಯಜಮಾನ್ರ, ಎಲ್ಲೆಲ್ಲಿ ಸೋರತೈತ್ರಿ?” ಎಂದು ವಿನಯದಿಂದ ಕೇಳುತ್ತಾನೆ, ಯಜಮಾನನು “ಎಲ್ಲಿ ಸೋರೂದಿಲ್ಲ ಅಂತ ಕೇಳೋ ತಮ್ಮಾ” ಎನ್ನುತ್ತಾನೆ. ಈ ಪ್ರತ್ಯುತ್ತರವು ಅನುಕೂಲದ ಒದಗಿಸುವಿಕೆಯೋ ನಿರಾಕರಣೆಯೋ ಎಂಬಲ್ಲಿ ಶಾಸನವು ಮೌನ ತಾಳಿದೆ.

ಸಾಗರದ ಆಚೆಯೂ ಸ್ಥಿತಿ ಬೇರೆಯಲ್ಲ. 1881ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯ ಮುಂದೆ ಸ್ಕಾಟ್ಲಂಡಿನಿಂದ ಬಂದ ಮೆಕೇ ಮತ್ತು ಡಿಕ್ ಎಂಬವರ ವ್ಯಾಜ್ಯದಲ್ಲಿ, ನೆಲ ಅಗೆಯುವ ಯಂತ್ರವು ಗೊತ್ತಾದ ಸ್ಥಳದಲ್ಲಿ ಗೊತ್ತಾದಷ್ಟು ಮಣ್ಣು ತೆಗೆದರೆ ಮಾತ್ರ ಕೊಳ್ಳುವೆನೆಂದ ಗಿರಾಕಿಯು ಪರೀಕ್ಷೆಗೆ ತಕ್ಕ ನೆಲವನ್ನೇ ಸಿದ್ಧಪಡಿಸಿ ಕೊಡಲಿಲ್ಲ. ಯಂತ್ರದ ಬೆಲೆಯನ್ನು ಅವನು ತೆರಲೇಬೇಕೆಂದು ತೀರ್ಪಾಯಿತು. ಮಾಲೆ ಹಾಕಿಕೊಳ್ಳದ ಸುಗ್ರೀವನು ಲಾರ್ಡ್ಸ್ ಸಭೆಯಲ್ಲಿಯೂ ಸೋಲತಕ್ಕವನೇ.

ಅಭಾವಪ್ರಕರಣ

ಇಲ್ಲಿ ಪೂರ್ವಪಕ್ಷಿಯು ಎದ್ದು, “ಸಹಕಾರವೆಂಬ ಪದಾರ್ಥವಿದ್ದರೆ ತೋರಿಸಿರಿ” ಎನ್ನುತ್ತಾನೆ. ಅದು ಇದ್ದಾಗ ಯಾರ ಕಣ್ಣಿಗೂ ಬೀಳದು, ಇಲ್ಲದಾಗ ಊರಿಗೆಲ್ಲ ಕಾಣುವುದು. ಆದುದರಿಂದ ಅದನ್ನು ಅಭಾವದ ಮೂಲಕವೇ ಅರಿಯತಕ್ಕದ್ದು. ತಾರ್ಕಿಕರು ಹೇಳುವ ನಾಲ್ಕು ಅಭಾವಗಳೂ, ವಾಟಣಿ ಪತ್ರದಲ್ಲಿ ಅಣ್ಣತಮ್ಮಂದಿರಿಗೆ ಅರ್ಧರ್ಧ ಪಾಲಾದ ಒಂದೇ ಬಾವಿಯಲ್ಲಿ ಲಭ್ಯವಾಗುತ್ತವೆ. ಪತ್ರ ನೋಂದಣಿಯಾದರೂ ಸಹಕಾರವಿನ್ನೂ ಹುಟ್ಟದಿರುವುದು ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯವುಂಟೆಂದು ಶಾಸ್ತ್ರ, ಆದರೆ ಪಾಳಿಯ ನೀರಿಗೆ ಕಾದವರು ಆ ಅಂತ್ಯವನ್ನು ಕಂಡಿಲ್ಲ. ಹುಟ್ಟಿದುದು ಹಾಳಾದ ಮೇಲಿನದು ಪ್ರಧ್ವಂಸಾಭಾವ. ತಮ್ಮನ ಪಾಳಿಯ ರಾತ್ರಿ ಅಣ್ಣನು ಸ್ಟಾರ್ಟರ್ ಪೆಟ್ಟಿಗೆಯ ಫ್ಯೂಜು ಕಿತ್ತ ಕ್ಷಣದಿಂದ ಇದು ಆರಂಭ. ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ತೊರವಿಯ ಬಳಿ ಕಟ್ಟತೊಡಗಿದ ನವರಸಪುರವನ್ನು, ಒಂದು ಕಾಲಕ್ಕೆ ಮೊಗಲರ ವಿರುದ್ಧ ಅವನದೇ ನೆರವು ಪಡೆದಿದ್ದ ಮಲಿಕ್ ಅಂಬರನು 1624ರಲ್ಲಿ ಹಾಳುಗೆಡವಿದುದು ಇದರ ಐತಿಹಾಸಿಕ ಉದಾಹರಣೆ. ತಾನು ಮಾಡಿದುದೇ ಸಹಕಾರ, ಅವನು ಮಾಡಿದುದು ಅದಲ್ಲವೆಂದು ಇಬ್ಬರೂ ಏಕಕಂಠದಿಂದ ಹೇಳುವುದು ಅನ್ಯೋನ್ಯಾಭಾವ. ಭೂತಭವಿಷ್ಯದ್ವರ್ತಮಾನಗಳಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ದಸ್ತಾವೇಜು ಬರೆಯುವವನು ಹಳೆಯ ಟ್ರ್ಯಾಕ್ಟರ್ ಖರೀದಿಯ ಪತ್ರದಿಂದ ಈ ಕಲಮನ್ನು ಯಥಾವತ್ತಾಗಿ ಇಳಿಸಿಕೊಂಡಿರುವ ಪ್ರಸಂಗದಲ್ಲಿ ಇದು ಸಂಭವಿಸುತ್ತದೆ.

ಸಿದ್ಧಾಂತ

ಜಗಳವಾದಲ್ಲಿ ಸಹಕಾರವಿಲ್ಲವೆಂದು ಭಾವಿಸುವುದೂ ಅವಿಚಾರವು. 1920ರಲ್ಲಿ ಮಹಾತ್ಮರು ಅಸಹಕಾರಕ್ಕೆ ಕರೆ ಕೊಟ್ಟಾಗ ದೇಶಕ್ಕೆ ದೇಶವೇ ಒಟ್ಟುಗೂಡಬೇಕಾಯಿತು. ಅಂತೆಯೇ ನಮ್ಮ ಅಣ್ಣತಮ್ಮಂದಿರೂ ವಿಜಾಪುರದ ಕೋರ್ಟಿಗೆ ಒಂದೇ ತಾರೀಖಿಗೆ, ಒಂದೇ ಬಸ್ಸಿನಲ್ಲಿ, ಸಮಾನ ಖರ್ಚಿನಲ್ಲಿ ಹೋಗಿಬರುತ್ತಾರೆ. ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಮುದ್ದತು ಕೊಡಕೂಡದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ವಿಧಿಸಿದ್ದರೂ, ಉಭಯ ವಕೀಲರ ಸೌಹಾರ್ದದ ಮುಂದೆ ಆ ಸಂಖ್ಯೆಯು ಎಷ್ಟೋ ಸಲ ವಿಧೇಯವಾಗುತ್ತದೆ. ಬಾವಿಯ ಬಳಿ ಇದರ ನೂರರಲ್ಲೊಂದು ಪಾಲು ತೋರಿದ್ದರೆ ದಾವೆಯೇ ಹುಟ್ಟುತ್ತಿರಲಿಲ್ಲ.

ಆದುದರಿಂದ ನಮ್ಮ ಸಿದ್ಧಾಂತವಿದು: ‘ಸಹಕರಿಸತಕ್ಕದ್ದು’ ಎಂದು ಬರೆದಲ್ಲಿ ಯಾರಿಗೂ ಯಾವ ಕೆಲಸವೂ ಹತ್ತುವುದಿಲ್ಲ, ಮಾಲೆ ಯಾವುದು, ಅದನ್ನು ಹಾಕಿಕೊಳ್ಳತಕ್ಕವನು ಯಾರು ಎಂಬುದನ್ನು ಬರೆದಲ್ಲಿ ಮಾತ್ರ ಹತ್ತುತ್ತದೆ. ಸೋರುವ ಜಾಗವನ್ನು ಯಜಮಾನನು ಮಳೆಗೆ ಮುಂಚೆ ಸುಣ್ಣದಿಂದ ಗುರುತಿಸತಕ್ಕದ್ದು. ಸ್ಟಾರ್ಟರ್ ಪೆಟ್ಟಿಗೆಯ ಕೀಲಿ ಎರಡಿದ್ದು ಒಂದೊಂದು ಮನೆಯಲ್ಲಿ ಒಂದೊಂದಿರತಕ್ಕದ್ದು. ಕರೆಂಟು ಹೋದ ತಾಸುಗಳನ್ನು ಯಾರ ಪಾಳಿಗೆ ಹಿಡಿಯತಕ್ಕದ್ದೆಂಬುದು ಅಂಕಿ ಅಕ್ಷರಗಳೆರಡರಲ್ಲಿಯೂ ಇರತಕ್ಕದ್ದು. ಇಷ್ಟನ್ನು ಬರೆಯಿಸಲು ಒಂದೆರಡು ಪುಟ ಹೆಚ್ಚಾಗುವುದು ನಿಜ. ಅದರ ಖರ್ಚನ್ನು ಉಭಯತ್ರರೂ ಸಮನಾಗಿ ಹಂಚಿಕೊಳ್ಳಬಹುದು, ಆದರೆ ಯಾರು ಮೊದಲು ಕೊಡತಕ್ಕದ್ದೆಂಬುದನ್ನೂ ಅದೇ ಪತ್ರದಲ್ಲಿ ನಮೂದಿಸುವುದು ಕ್ಷೇಮ.