ಲೀಸ್ ಮನೆಗೆ ಬ್ಯಾಂಕಿನ ಬೀಗ

ಮಾಲೀಕ ಸಾಲ ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ಕೊಡುತ್ತದೆ, ಅದು ಮಾಲೀಕನಿಗೆ. ಬಾಡಿಗೆದಾರನಿಗೆ ಸುದ್ದಿ ಮುಟ್ಟುವುದು ಬಾಗಿಲಿಗೆ ಅಂಟಿಸಿದ ಕಾಗದದಿಂದ. ಬೆಂಗಳೂರಿನಲ್ಲಿ ಬ್ಯಾಂಕಿನವರೊಂದಿಗೆ ಅವನ ಮುಂದಿನ ಮಾತುಕತೆ ಹೆಚ್ಚೂಕಡಿಮೆ ಹೀಗಿರುತ್ತದೆ:

"ಹದಿನೈದು ಲಕ್ಷ ಕೊಟ್ಟು ಲೀಸ್‌ಗೆ ಬಂದಿದ್ದೀನಿ ಸಾರ್."

"ಕರಾರು ರಿಜಿಸ್ಟರ್ ಆಗಿದೆಯಾ?"

"ಓನರ್ ಬೇಡ ಅಂದ್ರು."

"ಅಡಮಾನಕ್ಕೆ ಮುಂಚೆ ಬಂದ್ರಾ, ಆಮೇಲಾ?"

"ಅಡಮಾನ ಇದೆ ಅಂತಾನೇ ಹೇಳ್ಲಿಲ್ಲ."

"ಓನರ್ ಈಗ ಎಲ್ಲಿ?"

"ನಿಮಗೆ ಗೊತ್ತಿರಬಹುದು ಅಂದ್ಕೊಂಡಿದ್ದೆ."

ಅಡಮಾನಕ್ಕೂ ಮುಂಚಿನ ಕಾನೂನುಬದ್ಧ ಗುತ್ತಿಗೆಗೆ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2016ರ ತಿದ್ದುಪಡಿಯ ನಂತರ ಬಾಡಿಗೆದಾರನ ಹಕ್ಕನ್ನು ಸಾಲ ವಸೂಲಾತಿ ನ್ಯಾಯಮಂಡಳಿಯೂ ಪರಿಶೀಲಿಸಬಹುದು. ಅರ್ಜಿಗೆ 45 ದಿನಗಳ ಗಡುವು. ಅಲ್ಲಿಯೂ ಮೊದಲು ಕೇಳುವುದು ಆ ರಿಜಿಸ್ಟರ್ ಆಗದ ಕಾಗದವನ್ನೇ. ಲೀಸ್ ಹಣಕ್ಕೆ ಮಾತ್ರ, ಪತ್ತೆಯಿಲ್ಲದ ಮಾಲೀಕನ ಮೇಲೆ ಬೇರೆಯೇ ದಾವೆ ಹೂಡಬೇಕು.