ಗೋಣು ಹೊರಳಿಸುವ ಪಾನಾ

ನಮ್ಮ ಸೀಮೆಯ ಅರ್ಧ ಜನ ಮದುವೆ, ಉಪನಯನ, ತಿಥಿಯೂಟಗಳಿಗೆ ಹೋಗಿಬಂದದ್ದು ಎಂಜಿನ್ನಿನ ಮೇಲೆ ಕುಳಿತೇ. ಓಮ್ನಿಯ ಮುಂದಿನ ಸೀಟನ್ನು ಮಗುಚಿದರೆ ಅಡಿಯಲ್ಲೇ 796 ಸಿ.ಸಿ.ಯ ಎಂಜಿನ್ನು ಬೆಚ್ಚಗೆ ಮಲಗಿರುತ್ತದೆ. 1984ರಲ್ಲಿ ಬರೀ ‘ವ್ಯಾನ್’ ಆಗಿ ಹುಟ್ಟಿದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಸುದ್ದಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಓಮ್ನಿಗಳಿಗೆ ಇನ್ನೂ ತಲುಪಿದಂತಿಲ್ಲ. ಅವು ಹಿಂಡಿ ಚೀಲ, ಬಾಳೆಗೊನೆ, ಭಾವ-ಅತ್ತಿಗೆಯರನ್ನು ಹೇರಿಕೊಂಡು ಓಡಾಡುತ್ತಲೇ ಇವೆ.

ಓಮ್ನಿಯನ್ನು ರೂಪಿಸಿದ ಜಪಾನಿನವರು ಜಾಗ ಉಳಿಸುವುದರಲ್ಲಿ ಜಾಣರು. ಅಷ್ಟೆಲ್ಲ ಉಳಿಸಿದ ಮೇಲೆ ಮೇಸ್ತ್ರಿಯ ಕೈಗೆ ಒಂದು ಅಂಗೈಯಗಲ ಬಿಡಬಹುದಿತ್ತು. ಬಿಟ್ಟಿಲ್ಲ. ಬೋಲ್ಟು ಕಣ್ಣಿಗೆ ಕಾಣುತ್ತದೆ, ಬೆರಳಿಗೂ ತಾಗುತ್ತದೆ, ಪಾನಾ ಮಾತ್ರ ಹಿಡಿಸುವುದಿಲ್ಲ. ಫಿಕ್ಸ್ ಪಾನಾ ತುಸು ತಿರುಗುವಷ್ಟರಲ್ಲಿ ಎಲ್ಲಿಗೋ ಬಡಿಯುತ್ತದೆ. ಸಾಕೆಟ್ಟಿಗೆ ಉದ್ದ ರಾಡು ಸಿಕ್ಕಿಸಿ ಇಳಿಸಿದರೆ ಯಾವುದೋ ಪೈಪು ಅಡ್ಡ ನಿಂತಿರುತ್ತದೆ. ಆ ಪೈಪನ್ನು ಬಳಸಿಕೊಂಡು ಹೋಗಿ ಬೋಲ್ಟಿನ ತಲೆ ಹಿಡಿಯಲೆಂದೇ ಇರುವುದು ಗೋಣು ಹೊರಳುವ ಸಾಕೆಟ್ಟು, ಅಂಗಡಿಯವರ ಬಾಯಲ್ಲಿ ಸ್ವಿವೆಲ್ ಸಾಕೆಟ್.

ಸಾಕೆಟ್ಟು ಬೇರೆ, ಗೋಣಿನ ಜಾಯಿಂಟು ಬೇರೆ ಕೊಂಡು ಒಂದಕ್ಕೊಂದು ಸಿಕ್ಕಿಸಿದರೆ ಆಗುವುದಿಲ್ಲವೇ? ಆಗುತ್ತದೆ, ಅಗ್ಗವೂ ಹೌದು. ಆದರೆ ಎರಡೂ ಸೇರಿ ಉದ್ದವಾಗುತ್ತವೆ. ಉದ್ದಕ್ಕೆ ಜಾಗವಿಲ್ಲ ಎಂಬುದೇ ಮೊದಲ ತಕರಾರು. ಎರಡೂ ಒಂದೇ ತುಂಡಾಗಿ ಬರುವ ಗಿಡ್ಡ ಸಾಕೆಟ್ಟಿಗೆ ಜನ ದುಪ್ಪಟ್ಟು ಕೊಡುವುದು ಆ ಒಂದೆರಡು ಬೆರಳಗಲದ ಆಸೆಗೆ.

ಹಾಗೆಂದು ಅಂಗಡಿಯಲ್ಲಿ ಹೊಳಪು ನೋಡಿ ಕೊಳ್ಳಬಾರದು. ಜಲಂಧರದಿಂದ ಬರಲಿ, ಲುಧಿಯಾನಾದಿಂದ ಬರಲಿ, ಪೆಟ್ಟಿಗೆಯಿಂದ ತೆಗೆದಾಗ ಎಲ್ಲವೂ ಹೊಳೆಯುತ್ತವೆ. ನೋಡಬೇಕಾದ್ದು ಗೋಣು. ಸಾಕೆಟ್ಟನ್ನು ಅಡ್ಡ ಹಿಡಿದು ಸುಮ್ಮನಿರಿ. ತಾಳಮದ್ದಳೆಯಲ್ಲಿ ಬೆಳಗಿನ ಜಾವದ ಪ್ರೇಕ್ಷಕನ ಹಾಗೆ ತಲೆ ಜೋತುಬಿಟ್ಟಿತೋ, ವಾಪಸು ಕೊಡಿ. ಎಂಜಿನ್ನಿನ ಸಂದಿಗೆ ಒಂದೇ ಕೈ ಹೋಗುವುದು; ಅಲ್ಲಿ ಜೋತ ತಲೆಯನ್ನು ಎತ್ತಿ ಬೋಲ್ಟಿಗೆ ಕೂರಿಸಲು ಎರಡನೆಯ ಕೈ ಎಲ್ಲಿಂದ ತರುತ್ತೀರಿ? ಒಳ್ಳೆಯದರಲ್ಲಿ ಜಾಯಿಂಟಿನೊಳಗೆ ಸಣ್ಣ ಸ್ಪ್ರಿಂಗು ಇರುತ್ತದೆ, ಬಾಗಿಸಿದಲ್ಲೇ ನಿಲ್ಲುತ್ತದೆ. ಯಲ್ಲಾಪುರ ನಾಕಾದ ಕಡೆಯ ನನ್ನ ಪರಿಚಯದ ಮೇಸ್ತ್ರಿಗೆ ಈ ಸ್ಪ್ರಿಂಗಿನ ಹಂಗೂ ಇಲ್ಲ. ಹಳೇ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಜಾಯಿಂಟಿನ ಮೇಲೆ ಏರಿಸಿದ್ದಾನೆ. “ಹೆಗಡೇರೆ, ಗೋಣು ಬಿಗಿ ಇರ್ಬೇಕು, ಹಟ ಇರ್ಬಾರ್ದು” ಎನ್ನುತ್ತಾನೆ. ಇದು ಸಾಕೆಟ್ಟಿಗೆ ಹೇಳಿದ್ದೋ, ಬಿಲ್ಲಿನ ಬಗ್ಗೆ ಚೌಕಾಸಿ ಮಾಡುತ್ತಿದ್ದ ನನಗೋ ತಿಳಿಯಲಿಲ್ಲ.

ಗೋಣಿನ ನಂತರ ಬಾಯಿ. ಆರು ಮೂಲೆಯದು, ಹನ್ನೆರಡು ಮೂಲೆಯದು ಎಂದು ಎರಡು ಜಾತಿ. ಹನ್ನೆರಡರದ್ದು ಸಂದಿಯಲ್ಲಿ ಬೇಗ ಕೂರುತ್ತದೆ, ಅದು ನಿಜ. ಆದರೆ ಘಟ್ಟದ ಮೇಲಿನ ಮಳೆಗಾಲ ಕಂಡ ಬೋಲ್ಟಿಗೆ ಮೂಲೆಗಳೇ ಅರ್ಧ ಉಳಿದಿರುತ್ತವೆ. ಸೈಲೆನ್ಸರಿನ ನಟ್ಟು ತುಕ್ಕು ತಿಂದು ಲಿಂಗಾಕಾರಕ್ಕೆ ಬಂದಿರುತ್ತದೆ. ಅದಕ್ಕೆ ಹನ್ನೆರಡು ಮೂಲೆಯದನ್ನು ಹಾಕಿ ಎಳೆದರೆ ಉಳಿದ ಮೂಲೆಯೂ ಹೋಗಿ, ಮುಂದಿನ ಕೆಲಸ ವೆಲ್ಡಿಂಗಿನವನಿಗೆ. ನಮ್ಮ ಕಡೆಗೆ ಆರು ಮೂಲೆಯದೇ ಸರಿ.

ಅಳತೆಯದು ಇನ್ನೊಂದು ಪುರಾಣ. ಸಾಕೆಟ್ಟಿನ ಬಾಯಿ ಮಿಲಿಮೀಟರಿನಲ್ಲಿ, ಬಾಲದ ಚೌಕ ಮಾತ್ರ ಇಂದಿಗೂ ಇಂಚಿನಲ್ಲಿ: ಕಾಲು, ತ್ರೀ ಬೈ ಎಯ್ಟ್, ಅರ್ಧ. ಕಾರು-ಜೀಪಿನ ಸಂದಿಗೊಂದಿಗೆ ತ್ರೀ ಬೈ ಎಯ್ಟೇ ಹದ. ಅರ್ಧ ಇಂಚಿನದು ದಪ್ಪವಾಗಿ ಅಡ್ಡಾಗುತ್ತದೆ, ಕಾಲಿಂಚಿನದು ಜೋರು ಹಾಕಿದರೆ ಮುರಿಯುತ್ತದೆ. ಬಾಯಿಯ ಲೆಕ್ಕವೂ ಸಲೀಸಲ್ಲ. ಎಂಟು ಮಿಲಿಮೀಟರ್ ದಪ್ಪದ ಒಂದೇ ಬೋಲ್ಟಿಗೆ ಜಪಾನಿನ ರೂಢಿಯಲ್ಲಿ ಹನ್ನೆರಡರ ತಲೆ, ಯುರೋಪಿನ ರೂಢಿಯಲ್ಲಿ ಹದಿಮೂರರ ತಲೆ. ಓಮ್ನಿಗೆ 10, 12, 14, 17 ಇದ್ದರೆ ಬಹುಮಟ್ಟಿಗೆ ಸಂಸಾರ ಸಾಗುತ್ತದೆ. ಪಕ್ಕದ ಮನೆಯವರು ಬೊಲೆರೋ ತಂದರೆ 13 ಬೇಕು. ಇನ್ನು 1947ರಿಂದ ಮುಂಬೈಯಲ್ಲಿ ಜೋಡಿಸತೊಡಗಿದ ವಿಲ್ಲೀಸ್ ವಂಶದ ಹಳೇ ಮಹೀಂದ್ರ ಜೀಪುಗಳು ಸೀದಾ ಇಂಚಿನವು. ಹೀಗಾಗಿ ಎರಡು ತುದಿಯ 12-13 ಪಾನಾ ಕಂಡಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಜಪಾನ್, ಜರ್ಮನಿಗಳನ್ನು ಒಂದೇ ಕಬ್ಬಿಣದಲ್ಲಿ ಕೂರಿಸಿದ ಒಪ್ಪಂದ ಅದು.

ಜೀಪು ಎಂದಾಗ ನೆನಪಾಯಿತು. ಅದರ ಹೊಟ್ಟೆಯಡಿಯ ಪ್ರೊಪೆಲ್ಲರ್ ಶಾಫ್ಟಿಗೂ ಇದೇ ಗೋಣು ಇದೆ, ಗ್ಯಾರೇಜಿನಲ್ಲಿ ಯುಜೆ ಕ್ರಾಸ್ ಎನ್ನುತ್ತಾರೆ. ಹದಿನಾರನೇ ಶತಮಾನದ ಇಟಲಿಯ ಕಾರ್ಡಾನೋ ಹೆಸರು ಇದಕ್ಕೆ ಅಂಟಿದೆ. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಇದರ ಚಲನೆಯ ಬೆನ್ನು ಹತ್ತಿದ. ಬಾಗಿದ ಜಾಯಿಂಟು ಸಮನಾಗಿ ತಿರುಗುವುದಿಲ್ಲ. ಮೂವತ್ತು ಡಿಗ್ರಿ ಬಾಗಿಸಿ ನೀವು ಒಂದೇ ವೇಗದಲ್ಲಿ ತಿರುಗಿಸಿದರೂ ಆಚೆ ತುದಿ ಪ್ರತಿ ಸುತ್ತಿಗೆ ಎರಡು ಸಲ ಶೇ. 13ರಷ್ಟು ಹಿಂದೆ ಬೀಳುತ್ತದೆ, ಎರಡು ಸಲ ಶೇ. 15ರಷ್ಟು ಮುಂದೆ ಓಡುತ್ತದೆ. ಜೀಪಿನಲ್ಲಿ ಎರಡು ಕ್ರಾಸ್ ಹಾಕಿ, ಒಂದರ ಎಡವಟ್ಟನ್ನು ಇನ್ನೊಂದರಿಂದ ಸರಿಮಾಡಿದ್ದಾರೆ. ಸಾಕೆಟ್ಟಿಗೆ ಇರುವುದು ಒಂದೇ. ಬಿಚ್ಚುವಾಗ ಇದು ಕೈಗೆ ಗೊತ್ತೂ ಆಗುವುದಿಲ್ಲ. ಟಾರ್ಕ್ ವ್ರೆಂಚ್ ಹಿಡಿದು ಲೆಕ್ಕ ಹಾಕಿ ಬಿಗಿಯುವಾಗ ಮಾತ್ರ, ಹೆಚ್ಚು ಬಾಗಿಸಿದ್ದರೆ, ಮುಳ್ಳು ಹೇಳುವುದೊಂದು, ಬೋಲ್ಟಿಗೆ ಮುಟ್ಟುವುದು ಇನ್ನೊಂದು. ಹೆಡ್ಡಿನ ಬೋಲ್ಟುಗಳ ಹತ್ತಿರ ಇದನ್ನು ತರಲೇಬಾರದು.

ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ಸೇರುವ ಲಾರಿಗಳಿಗೆ ಈ ನಾಜೂಕೆಲ್ಲ ಬೇಡ. ಚಕ್ರದ ನಟ್ಟಿಗೆ ಮುಕ್ಕಾಲಿಂಚಿನ ರಾಡು, ಅದರ ಬಾಲಕ್ಕೆ ಗಜದುದ್ದದ ಪೈಪು, ಪೈಪಿನ ಮೇಲೆ ಕ್ಲೀನರ್. ಗಾಳಿ ಗನ್ ಇರುವಲ್ಲಿ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ಹೊಳೆಯುವ ಕ್ರೋಮಿನದನ್ನು ಗನ್ನಿಗೆ ಸಿಕ್ಕಿಸಿದರೆ ಸಿಡಿದು ಚೂರು ಎಲ್ಲಿ ನಾಟೀತು ಹೇಳಲಾಗದು.

ಇಷ್ಟು ತಿಳಿದು ಅಂಗಡಿಗೆ ಹೋದರೆ ಅಲ್ಲಿ ಒಂದೇ ಮಾತು: “ಸೆಟ್ ಒಡೆಯೂದಿಲ್ರಿ.” ಬೇಕಾದ್ದು ಮೂರು, ಕೊಳ್ಳಬೇಕಾದ್ದು ಪೆಟ್ಟಿಗೆಪೂರ್ತಿ. ಆದರೆ 1923ರಲ್ಲೇ ತೋಟಗಾರರು ಒಟ್ಟಾಗಿ ಅಡಿಕೆ ಮಾರಲು ಸಹಕಾರಿ ಸಂಘ ಕಟ್ಟಿದ ಊರು ನಮ್ಮ ಶಿರಸಿ. ನಾನು, ಸಿದ್ದಾಪುರದ ಭಾವ, ಯಲ್ಲಾಪುರದ ದೊಡ್ಡಪ್ಪನ ಮಗ ಪಾಲು ಹಾಕಿ ಒಂದು ಸೆಟ್ ತಂದು, ಅವರವರ ಗಾಡಿಗೆ ತಕ್ಕಂತೆ ಹಂಚಿಕೊಂಡೆವು. ಖಾಲಿ ಪೆಟ್ಟಿಗೆಯನ್ನು ಅತ್ತಿಗೆ ಲವಂಗ-ಏಲಕ್ಕಿಗೆಂದು ಒಯ್ದಳು. ಸಹಕಾರ ಚೆನ್ನಾಗಿಯೇ ನಡೆದಿದೆ, ಒಂದು ತೊಡಕಿನ ಹೊರತು: ಹದಿನಾಲ್ಕರದ್ದು ಮೂವರಿಗೂ ಬೇಕು, ಅದು ಇರುವುದು ಭಾವನ ಹತ್ತಿರ. ಮೊನ್ನೆ ಫೋನು ಮಾಡಿದೆ.

“ಹದಿನಾಲ್ಕರದ್ದು ಇದ್ದನ ಭಾವ?”

“ಇದ್ದು. ಮಧ್ಯಾಹ್ನ ಊಟಕ್ಕೆ ಬಾ, ತಗಂಡು ಹೋಗ್ಲಕ್ಕು.”

“ಬಪ್ಪಲೆ ಗಾಡಿ ಇಲ್ಲೆ ಮಾರಾಯ. ಅದ್ನೇ ಬಿಚ್ಚಿ ಇಟ್ಟಿದ್ದಿ.”