ಮನೆಯಲ್ಲೇ ಕೂತು ಧಾರವಾಡಕ್ಕೆ ಹೋಗಿಬಂದ ವಕೀಲರಿಗೆ

ವಕೀಲ ಸಾಹೇಬ್ರೇ,

ಬ್ಯಾಡಗಿ ಸೀಮೆಯ ನಿಮ್ಮ ಹಳೇ ಕಕ್ಷಿದಾರನ ಶರಣು ಶರಣಾರ್ಥಿ. ಫೋನಿನಲ್ಲಿ ನೀವು ಸದಾ ಮ್ಯೂಟ್. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಹೈಕೋರ್ಟ್ ಪೀಠ ನಮ್ಮ ಭಾಗಕ್ಕೆ ಬೇಕೆಂದು ನಿಮ್ಮವರು ಬೀದಿಗಿಳಿದದ್ದನ್ನು ನಾನು ಮರೆತಿಲ್ಲ. 2008ರ ಜುಲೈನಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಬೆಂಗಳೂರು ರೈಲು ಹತ್ತುವುದು ತಪ್ಪಿತೆಂದು ನಾವೂ ಪೇಢೆ ತಿಂದೆವು. ಆಮೇಲೆ ಕೊರೋನಾ ಬಂದು ಕೋರ್ಟು ಮೊಬೈಲಿನೊಳಗೆ ಹೊಕ್ಕಿತು. ಈಗ ನೀವು ರಾಣೆಬೆನ್ನೂರಿನ ಪಡಸಾಲೆಯಲ್ಲೇ ಕೋಟು ತೊಟ್ಟು, ‘ಮೈ ಲಾರ್ಡ್, ನನ್ನ ದನಿ ಕೇಳಿಸ್ತಿದೆಯಾ?’ ಅನ್ನುತ್ತೀರಿ. ಸಂತೋಷ. ಆದರೆ ಬಿಲ್ಲಿನಲ್ಲಿ ‘ಧಾರವಾಡಕ್ಕೆ ಹೋಗಿಬಂದ ಖರ್ಚು’ ಹಾಗೇ ಇದೆಯಲ್ಲ! ಹಾವೇರಿ, ಬಂಕಾಪುರ, ಶಿಗ್ಗಾವಿ ದಾಟಿ ನೂರು ಕಿಲೋಮೀಟರ್ ಮೀರುವ ಆ ದಾರಿಯಲ್ಲಿ ನಿಮ್ಮ ಬದಲು ವೈಫೈ ಓಡಾಡಿದೆ. ಅದಕ್ಕೂ ನಡುದಾರಿಯಲ್ಲಿ ಚಹಾ, ಮಿರ್ಚಿಭಜಿ ಬೇಕಾಯಿತೇ? ಪುಂಡರು ಝೂಮ್ ಕಲಾಪಕ್ಕೆ ನುಗ್ಗಿ ಅಶ್ಲೀಲ ದೃಶ್ಯ ಹಾಕಿದ್ದರಿಂದ 2023ರ ಡಿಸೆಂಬರ್‌ನಲ್ಲಿ ಹೈಕೋರ್ಟು ವಿಡಿಯೋ ಕಾನ್ಫರೆನ್ಸ್ ನಿಲ್ಲಿಸಿತಲ್ಲ, ಆಗ ನೀವು ನಿಜವಾಗಿಯೇ ಧಾರವಾಡಕ್ಕೆ ಹೋದಿರಿ. ಅದನ್ನು ‘ವಿಶೇಷ ಪ್ರಯಾಣ’ ಎಂದು ಬೇರೆ ಬರೆದಿದ್ದೀರಿ.

ಉಪಕಾರ ಮರೆಯುವವ ನಾನಲ್ಲ. ಹಿಂದೆ ಬಸ್ ಹಿಡಿದು ಬಂದು, ಕೋರ್ಟಿನ ಮರದಡಿ ದಿನವಿಡೀ ಕೂತ ಮೇಲೆ ಮುಂದಿನ ತಾರೀಖು ಗೊತ್ತಾಗುತ್ತಿತ್ತು. ಈಗ ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರದ ಸಿಎನ್‌ಆರ್ ನಂಬರ್ ಒತ್ತಿದರೆ ರಾತ್ರಿ ರೊಟ್ಟಿ ಮುರಿಯುತ್ತಲೇ ಗೊತ್ತಾಗುತ್ತದೆ. ತಾರೀಖು ಬೀಳುವುದು ನಿಂತಿಲ್ಲ, ಬಿದ್ದ ಸದ್ದು ಬೇಗ ಕೇಳುತ್ತದೆ, ಅಷ್ಟೆ.

ಹೆದರಿಕೆ ಹುಟ್ಟಿದ್ದು ಬೇರೆ ಕಾರಣಕ್ಕೆ. ವಾಟ್ಣಿ ದಾವೆಯ ಹೊಸ ಕರಡು ವಾಟ್ಸ್ಆ್ಯಪ್‌ಗೆ ಬಂತು. ಭಾಷೆ ಎಷ್ಟು ನುಣುಪು ಎಂದರೆ ನಿಮ್ಮದಲ್ಲವೆಂದು ಓದುತ್ತಲೇ ತಿಳಿಯಿತು. ಹೊಲದ ಚಕ್ಕುಬಂದಿ ಹೀಗಿತ್ತು: ‘ಪೂರ್ವಕ್ಕೆ: ಇಲ್ಲಿ ಸೂಕ್ತ ವಿವರ ಸೇರಿಸಿ.’ ಸಾಹೇಬ್ರೇ, ಅಣ್ಣತಮ್ಮಂದಿರು ಇಷ್ಟು ವರ್ಷ ಬಡಿದಾಡಿದ್ದೇ ಆ ಪೂರ್ವದ ಬದುವಿಗೆ! ಮೊದಲಾದರೆ ನಿಮ್ಮ ಗುಮಾಸ್ತ ಉತಾರ ಹಿಡಿದು ಬದುವಿನ ಮೇಲೇ ನಡೆದು ನೋಡುತ್ತಿದ್ದ. ಈಗ ನಿಮಗೆ ಕರಡು ಬರೆದುಕೊಡುವ ಎಐ ಎಂಬ ಕಂಪ್ಯೂಟರ್ ಗುಮಾಸ್ತನ ಕಾಲಿಗೆ ಮಣ್ಣೇ ಹತ್ತುವುದಿಲ್ಲ.

ಕೆಳಗೆ ನಾಲ್ಕು ಸುಪ್ರೀಂ ಕೋರ್ಟ್ ತೀರ್ಪುಗಳನ್ನೂ ಪೋಣಿಸಿದ್ದೀರಿ. ಅವು ನಿಜಕ್ಕೂ ಇವೆಯೇ? ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರು ಇಲ್ಲದ ತೀರ್ಪುಗಳನ್ನು ಆಧಾರವಾಗಿ ಕೊಟ್ಟದ್ದನ್ನು 2025ರ ಮಾರ್ಚ್‌ನಲ್ಲಿ ಹೈಕೋರ್ಟೇ ಹಿಡಿಯಿತು. ನ್ಯಾಯಾಧೀಶರ ಪಾಡೇ ಹೀಗಾದರೆ ನನ್ನ ಮೂರೆಕರೆಯ ಗತಿ ಏನು?

ನಮ್ಮ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು ಸಿಕ್ಕಿತು. ಯಾವ ಸೀಮೆಯ ಮಾಲು ಎಂಬುದಕ್ಕೆ ದಾಖಲೆಯಾಯಿತು. ‘ಇದನ್ನು ಬರೆದವರು ಹೊಲ ಕಂಡವರು’ ಎಂಬ ಗುರುತು ಅರ್ಜಿಗಳಿಗೂ ಸಿಗುವಂತಿದ್ದರೆ ದಯವಿಟ್ಟು ಪ್ರಯತ್ನಿಸಿ.

ಫೀ ಸಿದ್ಧವಿದೆ. ಸೋಮವಾರ ಲಿಂಕ್ ಕಳಿಸಿ, ನೋಟುಗಳನ್ನು ಕ್ಯಾಮೆರಾ ಮುಂದೆ ಒಂದೊಂದಾಗಿ ಎಣಿಸಿ ತೋರಿಸುತ್ತೇನೆ. ಕೈಗೆ ಬರಲಿಲ್ಲವೆಂದರೆ ನೆಟ್‌ವರ್ಕ್ ಸಮಸ್ಯೆ ಎಂದು ತಿಳಿಯಿರಿ.

ಇತಿ ನಿಮ್ಮ,
ವಾದಿ ನಂಬರ್ 1